ಚಂಪಾಳಿಗೆ ಕಲಿಸಿದ್ದು

ಮಣ್ಣಗುಡ್ಡದ ಚೆನ್ನಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಮಗಳು ಚಂಪಾಳಿಗೆ ಏಳು ತುಂಬಿದ ವರ್ಷ, ಅಂದರೆ ೧೯೩೭ರಲ್ಲಿ, ಗಂಟುನೋವಿನ ಜ್ವರ ಬಂತು. ಜ್ವರ ಬಿಟ್ಟರೂ ಏದುಸಿರು ಬಿಡಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು.

ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ತಾಯಿ ಮುದ್ದು ಅಲ್ಲ, ಚೆನ್ನಪ್ಪನ ಅಕ್ಕ ದೇಯಿ. ಮುದ್ದು ಕೋಳಿ ಕೊಯ್ಯುವುದನ್ನು ಕಂಡರೂ ಅಳುವವಳು. ದೇಯಿಯಾದರೋ ಗಂಡನ ಹೆಣ ಅಂಗಳದಲ್ಲಿದ್ದಾಗಲೂ ಕಣ್ಣೀರು ಹಾಕಿರಲಿಲ್ಲ. ನೆರೆಕರೆಯವರು ಅದನ್ನು ಧೈರ್ಯ ಎಂದರು. ತಮ್ಮನ ಮನೆ ಸೇರಿದ ಮೇಲೆ ಅವಳಿಗಿದ್ದ ಹೆಸರು ಅದೊಂದೇ.

ಡಾಕ್ಟರು ಚಂಪಾಳ ಎದೆ ಪರೀಕ್ಷಿಸಿ, ದೇಯಿಯನ್ನು ಹೊರಗೆ ಕರೆದು ಹೇಳಿದರು: "ಹೃದಯದ ಸುತ್ತ ನೀರು ನಿಂತಿದೆ. ಸೋಮವಾರ ಸೂಜಿ ಹಾಕಿ ತೆಗೀತೇವೆ. ಮಗು ಅಲುಗಾಡಬಾರದು, ಮನೆಯಲ್ಲಿ ಸ್ವಲ್ಪ ಅಭ್ಯಾಸ ಮಾಡಿಸಿ. ಅತ್ತರೆ ಅಡ್ಡಿಯಿಲ್ಲ. ನೋವಾದ್ರೆ ಬಾಯಿಬಿಟ್ಟು ಹೇಳ್ಲಿ. ಅಲುಗಾಡದಿದ್ರೆ ಸಾಕು."

ದಾರಿಯುದ್ದಕ್ಕೂ ದೇಯಿ ಅದನ್ನೇ ಯೋಚಿಸಿದಳು. ಅಳುವ ಮಗು ಅಲುಗಾಡದೆ ಇರುವುದುಂಟೇ? ಮನೆ ತಲುಪುವಷ್ಟರಲ್ಲಿ ಡಾಕ್ಟರ ಮಾತಿನಲ್ಲಿ ಅರ್ಧವನ್ನು ಅವಳೇ ಕೈಬಿಟ್ಟಿದ್ದಳು.

ಮರುದಿನದಿಂದ ಜಗಲಿಯಲ್ಲಿ ಪಾಠ ಶುರುವಾಯಿತು. ಚಂಪಾಳನ್ನು ದಿಂಬಿಗೆ ಒರಗಿಸಿ ಕೂರಿಸಿ, ತೆಂಗಿನ ಪೊರಕೆಯ ಕಡ್ಡಿಯ ತುದಿಯನ್ನು ದೇಯಿ ಅವಳ ಎದೆಗೆ ಒತ್ತುತ್ತಿದ್ದಳು.

"ಇದಕ್ಕಿಂತ ಜಾಸ್ತಿ ನೋಯ್ತದಾ ಮಾಮಿ?"

"ಜಾಸ್ತಿಯೇ. ಆದ್ರೆ ಎಷ್ಟು ನೋವಾದ್ರೂ ಬಾಯಿ ಬಿಡ್ಬಾರ್ದು. ಅತ್ತರೆ ಸೂಜಿ ತಪ್ಪಿ ಹೋಗ್ತದೆ. ಗೊತ್ತಾಯ್ತಾ?"

"ಅಮ್ಮನ ಹತ್ರ ಕೂಡ ಹೇಳ್ಬಾರ್ದಾ?"

"ಅವಳ ಹತ್ರ ಹೇಳಿದ್ರೆ ಅವಳೇ ಅಳ್ತಾಳೆ. ಯಾರ ಹತ್ರವೂ ಬೇಡ."

ಮೂರನೆಯ ದಿನ ದೇಯಿ ಅವಳ ತೋಳನ್ನು ಬಲವಾಗಿ ಚಿವುಟಿದಳು. ಚಂಪಾಳ ಕಣ್ಣು ತುಂಬಿತು, ಆದರೆ ತುಟಿ ಬಿಚ್ಚಲಿಲ್ಲ. ಒಳಗಿನಿಂದ ನೋಡುತ್ತಿದ್ದ ಮುದ್ದು ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋದಳು.

ಸೋಮವಾರ ಆಸ್ಪತ್ರೆಯಲ್ಲಿ ನರ್ಸ್ ಮಗ್ದಲೀನ್ ಚಂಪಾಳ ಕೈ ಹಿಡಿದುಕೊಂಡು, "ಅಳು ಬಂದ್ರೆ ಅಳು ಮಗಾ, ಯಾರೂ ಬೈಯುವುದಿಲ್ಲ" ಎಂದಳು. ಚಂಪಾ ದೇಯಿಯ ಕಡೆ ನೋಡಿದಳು. ದೇಯಿ ಮೆಲ್ಲಗೆ ತಲೆಯಾಡಿಸಿ ಬೇಡವೆಂದಳು. ಸೂಜಿ ಒಳಗೆ ಹೋಯಿತು, ಹಳದಿ ನೀರು ಗಾಜಿನ ಬಟ್ಟಲಿಗೆ ಇಳಿಯಿತು. ಮಗು ಒಂದು ದನಿ ಎತ್ತಲಿಲ್ಲ.

"ದೊಡ್ಡ ಗಂಡಸರೇ ಇಲ್ಲಿ ಬೊಬ್ಬೆ ಹಾಕ್ತಾರೆ ಮಾರಾಯ್ರೆ," ಎಂದರು ಡಾಕ್ಟರು.

ಹತ್ತು ದಿನದಲ್ಲಿ ಚಂಪಾ ಮನೆಗೆ ಬಂದಳು, ಮಲಗಿ ನಿದ್ದೆ ಮಾಡಿದಳು. ದೇಯಿ ಆ ಸುದ್ದಿಯನ್ನು ಬಾವಿಕಟ್ಟೆಯಲ್ಲಿ ಎಲ್ಲರಿಗೂ ಹೇಳಿದಳು. ಅವಳ ಬದುಕಿನಲ್ಲಿ ಅಷ್ಟು ಸಂತೋಷದ ದಿನಗಳು ಹೆಚ್ಚಿರಲಿಲ್ಲ.

ತಿಂಗಳು ಕಳೆಯಿತು. ಚಂಪಾ ಊಟ ಕಡಿಮೆ ಮಾಡಿದಳು. "ಎಂತ ಮಗಾ, ನೋವುಂಟಾ?" ಎಂದು ಕೇಳಿದರೆ, "ಇಲ್ಲ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವಳಿಗೆ ಸ್ನಾನ ಮಾಡಿಸುವಾಗ ದೇಯಿ ಅವಳ ಪಾದ ಒತ್ತಿ ತಿಕ್ಕಿದಳು. ಬೆರಳು ಎತ್ತಿದ ಮೇಲೂ ಊದಿದ ಪಾದದಲ್ಲಿ ಗುಳಿ ಹಾಗೆಯೇ ಉಳಿಯಿತು. ಮುಖ ಎತ್ತಿ ನೋಡಿದರೆ ತುಟಿ ನೀಲಿ.

"ಉಸಿರಾಡ್ಲಿಕ್ಕೆ ಕಷ್ಟ ಆಗ್ತದಾ? ಯಾವಾಗಿನಿಂದ?"

"ಮೊನ್ನೆ ಆದಿತ್ಯವಾರದ ಹಿಂದಿನ ಆದಿತ್ಯವಾರದಿಂದ."

"ಹೇಳ್ಲಿಲ್ಲ ಯಾಕೆ?"

"ಯಾರ ಹತ್ರವೂ ಹೇಳ್ಬಾರ್ದು ಅಂತ ನೀವೇ ಹೇಳಿದ್ದಲ್ವಾ ಮಾಮಿ?"

ಒದ್ದೆ ಮೈಯಲ್ಲೇ ಮಗುವನ್ನು ಸೀರೆಯಲ್ಲಿ ಸುತ್ತಿ ಎತ್ತಿಕೊಂಡು ದೇಯಿ ರಸ್ತೆಗೆ ಓಡಿದಳು. ಸಿಕ್ಕಿದ ಎತ್ತಿನ ಗಾಡಿ ಹತ್ತಿ ಆಸ್ಪತ್ರೆ ಸೇರಿದಳು. ಡಾಕ್ಟರು ಮತ್ತೆ ಸೂಜಿ ಸಿದ್ಧಮಾಡಿದರು. "ಒಂದು ವಾರ ಮೊದಲೇ ತರ್ಬೇಕಿತ್ತು," ಎಂದರು.

ದೇಯಿ ಮಂಚದ ಬದಿಯಲ್ಲಿ ಬಗ್ಗಿ, "ಈಗ ಅಳು ಮಗಾ. ನಾನು ಹೇಳಿದ್ದು ತಪ್ಪು. ಜೋರಾಗಿ ಅಳು" ಎಂದು ಬೇಡಿಕೊಂಡಳು. ಚಂಪಾ ಅವಳನ್ನು ಅರ್ಥವಾಗದವಳಂತೆ ನೋಡಿ, ಕಲಿತ ಹಾಗೆಯೇ ತುಟಿ ಬಿಗಿಹಿಡಿದಳು.

ಮೂರನೆಯ ದಿನ ಬೆಳಿಗ್ಗೆ ಮಗು ತೀರಿಕೊಂಡಿತು.

ಕೆಲವು ವಾರಗಳಾದ ಮೇಲೆ ದೇಯಿ ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದ ಮುದ್ದುವಿನ ಎದುರು ಕೂತು, ಡಾಕ್ಟರು ನಿಜವಾಗಿ ಹೇಳಿದ್ದೇನೆಂದು ಎಲ್ಲವನ್ನೂ ತಿಳಿಸಿದಳು. ಮುದ್ದು ಅಳುತ್ತಾಳೆ, ಬೈಯುತ್ತಾಳೆ, ಹೊಡೆಯಲೂಬಹುದು ಎಂದುಕೊಂಡಿದ್ದಳು. ಮುದ್ದು ಗೆರಸೆಯನ್ನು ಬದಿಗೆ ಸರಿಸಿದಳು.

"ಅವಳನ್ನು ಚಿವುಟುವಾಗ ನಾನು ಎದ್ದು ಹೋದೆ ಅಕ್ಕ," ಎಂದಳು. "ಬಂದು ಎತ್ತಿಕೊಳ್ಬಹುದಿತ್ತು." ಆಮೇಲೆ, "ಇದನ್ನು ಇವರ ಹತ್ರ ಹೇಳ್ಬೇಡಿ. ಅವರು ತಡ್ಕೊಳ್ಲಿಕ್ಕಿಲ್ಲ," ಎಂದಳು.

ದೇಯಿ ಹೇಳಲಿಲ್ಲ. ಅದಕ್ಕೇ ಚೆನ್ನಪ್ಪ ಬದುಕಿರುವ ತನಕ, ಮನೆಗೆ ಬಂದ ನೆಂಟರಿಗೆಲ್ಲ ಮಗಳ ಕತೆ ಹೇಳುತ್ತಿದ್ದ: "ಎದೆಗೆ ಸೂಜಿ ಹಾಕಿದ್ರೂ ಒಂದು ದನಿ ಇಲ್ಲ. ಎಲ್ಲ ನಮ್ಮ ಅಕ್ಕ ಕೊಟ್ಟ ಧೈರ್ಯ." ನೆಂಟರು ದೇಯಿಯ ಕಡೆ ಗೌರವದಿಂದ ತಿರುಗುವಷ್ಟರಲ್ಲಿ ಅವಳು ಎದ್ದು ಒಳಗೆ ಹೋಗಿರುತ್ತಿದ್ದಳು.