ನೆಟ್ಟಗೆ ಮನೆಗೆ

ಶಿವಲಕ್ಷ್ಮಿ ಬೆಳಗಿನಿಂದ ಒಂದು ಕಡೆ ಕೂತಿರಲಿಲ್ಲ. ಗುಡಿಸಿದ್ದನ್ನೇ ಗುಡಿಸಿದಳು, ಒರೆಸಿದ್ದನ್ನೇ ಒರೆಸಿದಳು. ತವರಿನವರು ಬರುತ್ತಾರೆಂದರೆ ಯಾವ ಹೆಣ್ಣಿನ ಕೈಕಾಲು ಸುಮ್ಮನಿದ್ದಾವು? ಅದರಲ್ಲೂ ಮದುವೆಯಾಗಿ ಎರಡು ವರ್ಷವಾದರೂ ತವರಿನ ಒಂದು ನರಪಿಳ್ಳೆಯೂ ಬಂದು ಹೊಸಿಲು ದಾಟಿಲ್ಲವೆಂದರೆ ಕೇಳುವುದೇ ಬೇಡ.

ತವರು ಕಬ್ಬಾಳು. ಬೆಟ್ಟದ ಬುಡದಲ್ಲಿ ಹೊಲ, ಒಂದು ಮಂದೆ ಕುರಿ. ಗಂಡ ಕನಕರಾಜು ಮಾಗಡಿ ಕಡೆಯವನು, ಸರ್ಕಾರಿ ಬಸ್ಸಿನ ಡ್ರೈವರು. ಮಂಗಳೂರು ಡಿಪೋಗೆ ಹಾಕಿದರು, ಕೂಳೂರಿನಲ್ಲಿ ಮಹಡಿ ಮೇಲೊಂದು ಬಾಡಿಗೆ ಮನೆ ಹಿಡಿದ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವತ್ತು ರಾತ್ರಿ ಬೆಂಗಳೂರಿಗೆ ಬಸ್ಸು ಓಡಿಸುವವನು, ನಾಳೆ ರಾತ್ರಿ ಅಲ್ಲಿಂದ ಹೊರಡುವವನು, ಮನೆಯಲ್ಲಿದ್ದಾಗ ನಿದ್ದೆಯಲ್ಲಿರುವವನು. ಅವನ ಗೊರಕೆಯ ಜೊತೆ ಎಷ್ಟು ಅಂತ ಮಾತಾಡುವುದು?

ಹೊರಗೆ ಹೋದರೆ ಊರೆಲ್ಲ ತುಳು. ಎದುರು ಸಿಕ್ಕವರು "ಒಣಸ್ ಆಂಡಾ?" ಎನ್ನುವರು, ಊಟ ಆಯಿತೇ ಎಂದು. ಇವಳು "ಆಂಡ್" ಎನ್ನುವಳು. ಅಲ್ಲಿಗೆ ಇವಳ ತುಳು ಖರ್ಚಾಯಿತು. ಅವರು ನಗುತ್ತ ಮುಂದೆ ಹೋಗುವರು, ಇವಳು ನಗುತ್ತ ಮೆಟ್ಟಿಲು ಹತ್ತುವಳು. ಎಷ್ಟೋ ದಿನ ಅವಳ ಬಾಯಿಂದ ಹೊರಟ ಮಾತೆಂದರೆ ಆ ಒಂದೇ ಮಾತು.

ಕೆಳಗಿನ ಮನೆಗೆ ಈಚೆಗೆ ಒಬ್ಬ ಹುಡುಗಿ ಬಂದಿದ್ದಳು, ನಿಖಾತ್ ಎಂದು. ಭಟ್ಕಳದವಳು, ಇಲ್ಲಿಯ ಶಾಲೆಯೊಂದರಲ್ಲಿ ಟೀಚರು. ಅವಳೂ ಒಬ್ಬಳೇ. ಕಂಡಾಗಲೆಲ್ಲ "ಬನ್ನಿ ಅಕ್ಕ, ಒಂದು ಚಾ ಕುಡಿದು ಹೋಗಿ" ಎನ್ನುವಳು. ಶಿವಲಕ್ಷ್ಮಿ ಪ್ರತಿಸಲ "ಇನ್ನೊಂದ್ ದಿನ ಬತ್ತೀನಿ ಕಣವ್ವ" ಎಂದು ಜಾರಿಕೊಳ್ಳುವಳು. ಯಾಕೆಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ತನ್ನವರು ಒಂದು ಸಲ ಬಂದು ಹೋಗಲಿ, ಆಮೇಲೆ ಈ ಊರಿನಲ್ಲಿ ಇನ್ನೊಬ್ಬರ ಮನೆ ಹತ್ತೋಣ ಎಂದೇನೋ ಒಳಗೊಂದು ಹಟ.

ಅಂತೂ ಆ ದಿನ ಬಂದಿತ್ತು. ಕನಕರಾಜು ಡ್ಯೂಟಿಯ ಮೇಲೆ ಬೆಂಗಳೂರಿಗೆ ಹೋಗಿದ್ದ. ಅವ್ವ ಪುಟ್ಟಲಕ್ಷ್ಮಮ್ಮ, ಅಣ್ಣ ಚಿಕ್ಕರಾಜು, ಅತ್ತಿಗೆ ಭಾನುಪ್ರಿಯ, ಅವರ ಮಗಳು ನಯನ, ಜೊತೆಗೆ ಊರಿನ ಒಂದಷ್ಟು ನೆಂಟರು ಟಿಟಿ ಗಾಡಿ ಮಾಡಿಕೊಂಡು ಹೊರಟಿದ್ದರು. ಅಪ್ಪ ಲಕ್ಕಯ್ಯ ಮಾತ್ರ ಕುರಿ ಬಿಟ್ಟು ಬರುವಂತಿಲ್ಲ. ಮೊದಲು ಶಿವಲಕ್ಷ್ಮಿಯ ಮನೆ, ಒಂದು ರಾತ್ರಿ ಅಲ್ಲೇ ವಸ್ತಿ, ಮಾರನೆ ದಿನ ಧರ್ಮಸ್ಥಳಕ್ಕೆ ಹೋಗಿ ನಯನಳ ಹರಕೆ ತೀರಿಸಿ ಊರಿಗೆ, ಹೀಗೆ ಮಾತಾಗಿತ್ತು. ಹೋದ ವರ್ಷ ಮಗು ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದಾಗ ಹೊತ್ತ ಹರಕೆ ಅದು.

ಒಂದು ರಾತ್ರಿ. ಶಿವಲಕ್ಷ್ಮಿಗೆ ಬೇಕಾಗಿದ್ದು ಅಷ್ಟೇ. ತನ್ನ ಸೂರಿನಡಿ ಅವ್ವ ಒಂದು ರಾತ್ರಿ ಮಲಗಬೇಕು, ಬೆಳಿಗ್ಗೆ ಎದ್ದು "ಕಾಫಿ ಕಾಸೇ" ಎಂದು ಕೂಗಬೇಕು.

ಅದಕ್ಕೆಂದು ಹೊಸ ಚಾಪೆಗಳು ಬಂದಿದ್ದವು. ಹೊತ್ತು ತರಲು ನಿಖಾತಳೂ ಕೈಜೋಡಿಸಿದ್ದಳು. ಶಿವಲಕ್ಷ್ಮಿ ತಾನೇ ಹಬೀಬನ ಮಾಂಸದಂಗಡಿಯಲ್ಲಿ ನಿಂತು, ಎಳೆಯದೇ ಬೇಕೆಂದು ಹಟ ಹಿಡಿದು, ಬಾಡು ತಂದಿದ್ದಳು. ಕುರಿ ಸಾಕುವವರ ಮಗಳಿಗೆ ಬಾಡಿನ ವಿಷಯದಲ್ಲಿ ಯಾರೂ ಟೋಪಿ ಹಾಕುವಂತಿಲ್ಲ. ಊರಿನಿಂದ ತಂದ ರಾಗಿಹಿಟ್ಟಿನ ಡಬ್ಬ ಒಲೆಯ ಪಕ್ಕ, ಮುದ್ದೆ ಕೋಲು ಅದರ ಮೇಲೆ. ಸಾರು ಕುದಿದು ಮನೆಯೆಲ್ಲ ಘಮ್ಮೆನ್ನುವಾಗ ಅಣ್ಣನ ಫೋನು ಬಂತು.

"ಶಿವೀ, ದರ್ಶನ ಚೆನ್ನಾಗ್ ಆಯ್ತು ಕಣವ್ವ. ರಶ್ಶೇ ಇರ್ಲಿಲ್ಲ."

"ಯಾವ್ ದರ್ಶನ?"

"ಧರ್ಮಸ್ಥಳದ್ದು. ಘಾಟಿ ಇಳುದ್ರೆ ದಾರೀಲೇ ಅಲ್ವಾ. ಮುಂದುಕ್ ಹೋಗಿ ವಾಪಸ್ ಯಾಕ್ ಬರದು ಅಂದ ಡ್ರೈವರು. ನಂಗೂ ಸರಿ ಅನ್ನುಸ್ತು. ಹರಕೆ ತೀರುಸ್ಬುಟ್ವಿ, ಊಟನೂ ಅಲ್ಲೇ ಮಾಡ್ಬುಟ್ವಿ."

ಶಿವಲಕ್ಷ್ಮಿ ಒಲೆಯ ಮೇಲಿನ ಪಾತ್ರೆ ನೋಡಿದಳು. ದೇವರ ಊಟ ಉಂಡವರು ಇವತ್ತು ಬಾಡು ಮುಟ್ಟುವುದಿಲ್ಲ. ಹೋಗಲಿ, ಬೇಳೆ ಸಾರು ಮಾಡಿದರಾಯಿತು.

"ಬಾಡ್ ಮಾಡಿದ್ದೆ. ಸರಿ ಬುಡು, ಬನ್ನಿ. ಎಷ್ಟೊತ್ತಾಯ್ತದೆ?"

ಆ ಕಡೆ ಚಿಕ್ಕರಾಜು ಗಂಟಲು ಸರಿಮಾಡಿಕೊಂಡ. "ಅದೇ ಕಣವ್ವ. ಅವ್ವ ಈಗ್ ಹೇಳ್ತಾವ್ಳೆ. ಹರಕೆ ತೀರ್ಸುದ್ ಮ್ಯಾಲೆ ನೆಟ್ಗೆ ಮನೆ ಸೇರ್ಬೇಕಂತೆ. ದಾರೀಲಿ ಬೇರೆಯೋರ ಮನೆಗೆ ಹೋಗಂಗಿಲ್ವಂತೆ. ಮಗೀಗೆ ಆಗ್ಬರಕಿಲ್ವಂತೆ. ನಂಗೆ ಹೊಳೀಲೇ ಇಲ್ಲ ನೋಡು."

ಹೊಳೆಯಲಿಲ್ಲವಂತೆ! ಕುರಿ ಕಾಣೆಯಾದರೆ ಹೆಜ್ಜೆ ನೋಡಿ ಪತ್ತೆ ಮಾಡುವ ಗಂಡಸಿಗೆ ಇದು ಹೊಳೆಯಲಿಲ್ಲ. ಶಿವಲಕ್ಷ್ಮಿಯ ಬಾಯಿಗೆ ಏನೇನೋ ಬಂತು. ಆದರೆ ಹರಕೆ ಮಗುವಿನದು. ನಾಳೆ ನಯನಳಿಗೆ ಒಂದು ಸೀನು ಬಂದರೂ ಅದು ಇವಳ ತಲೆಗೆ. ಏನು ಹೇಳಲಾದೀತು? ಮೂಗೆಳೆದುಕೊಂಡಳು.

"ಅಳ್ಬೇಡ ಕಣೆ, ಬೀಚಿಗ್ ಬತ್ತೀವಿ. ಮಗ ಸಮುದ್ರ ನೋಡ್ಬೇಕು ಅಂತ ಒಂದೇ ಸಮ ಕುಂತೈತೆ. ನೀನೂ ಅಲ್ಲೀಗೇ ಬಂದ್ಬುಡು. ಸಮುದ್ರ ಯಾರ್ ಮನೇನೂ ಅಲ್ವಲ್ಲ!" ತನ್ನ ಜಾಣತನಕ್ಕೆ ತಾನೇ ನಕ್ಕ.

ಅವಳು ಒಲೆ ಆರಿಸಿದಳು. ಕರಿದಿಟ್ಟಿದ್ದ ಚಕ್ಕುಲಿಯನ್ನು ಚೀಲಕ್ಕೆ ತುಂಬಿಕೊಂಡು ಪಣಂಬೂರಿನ ಬಸ್ಸು ಹತ್ತಿದಳು. ಗೋಡೆಗೆ ಒರಗಿಸಿದ್ದ ಚಾಪೆಗಳನ್ನು ತಿರುಗಿ ನೋಡಲಿಲ್ಲ.

ಬೀಚಿನಲ್ಲಿ ಅವಳನ್ನು ಮೊದಲು ಕಂಡದ್ದು ನಯನ. "ಅತ್ತೇ!" ಎಂದು ಮರಳಿನಲ್ಲಿ ಮುಗ್ಗರಿಸುತ್ತ ಓಡಿಬಂದು ಸೊಂಟ ತಬ್ಬಿಕೊಂಡಳು. ಅಲ್ಲಿಗೆ ಶಿವಲಕ್ಷ್ಮಿಯ ಸಿಟ್ಟು ಅರ್ಧ ಇಳಿಯಿತು. ಪುಟ್ಟಲಕ್ಷ್ಮಮ್ಮ ಕರಿಯ ಕಂಬಳಿ ಹಾಸಿಕೊಂಡು, ಚಪ್ಪಲಿ ಬದಿಗಿಟ್ಟು, ಸಮುದ್ರದ ಮೇಲೆ ಕಣ್ಣಿಟ್ಟು ಕೂತಿದ್ದಳು. ಮಗಳನ್ನು ಕಂಡವಳೇ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಈ ಕಂಬ್ಳಿ ನಿಮ್ಮಪ್ಪ ಕೊಟ್ ಕಳ್ಸವ್ನೆ, ನಿಂಗೆ. ಅಲ್ಲಿ ಚಳಿ ಅಂತೆ ಅಂದ."

"ಇಲ್ಲಿ ಚಳಿ ಎಲ್ಲೈತವ್ವ, ಬರೀ ಸೆಕೆ."

"ಅದು ಅವುನ್ಗೇನ್ ಗೊತ್ತು. ಮಡಿಕ." ಅವ್ವ ಮತ್ತೆ ಸಮುದ್ರ ನೋಡಿದಳು. "ಇಷ್ಟ್ ನೀರೈತೆ, ಒಂದ್ ಕುರಿ ಮೂತಿ ಇಕ್ಕಂಗಿಲ್ವಂತಲ್ಲೇ. ಏನ್ ಬದುಕಪ್ಪಾ ಇದ್ರುದ್ದು."

ಶಿವಲಕ್ಷ್ಮಿಗೆ ನಗು ಬಂತು. ಎಷ್ಟು ಕಾಲದ ಮೇಲೆ ಬಂದ ನಗುವೋ! ಚರುಮುರಿ ಕೊಡಿಸಿದಳು, ಹುಳಿ ಮಾವಿನಕಾಯಿಗೆ ಅವ್ವ ಒಂದು ಕಣ್ಣು ಮುಚ್ಚಿ ಚಪ್ಪರಿಸಿದಳು. ಗಾಜಿನ ಲೋಟದ ತುಂಬ ಹಣ್ಣು, ಐಸ್‌ಕ್ರೀಮು ತುಂಬಿದ ಗಡ್‌ಬಡ್ ತಿನ್ನಿಸಬೇಕೆಂದು ಎರಡು ವರ್ಷದಿಂದ ಅಂದುಕೊಂಡಿದ್ದಳು. ಅದು ಇಲ್ಲಿ ಸಿಗಲಿಲ್ಲ, ಕಡ್ಡಿ ಐಸ್‌ಕ್ರೀಮಿನಲ್ಲೇ ತೃಪ್ತಿಪಟ್ಟರು. ಭಾನುಪ್ರಿಯ ಸೀರೆ ಎತ್ತಿ ಕಟ್ಟಿ ಅಲೆಗೆ ಕಾಲು ಕೊಟ್ಟು ಕಿರುಚಿದಳು. ಚಿಕ್ಕರಾಜು ಪ್ಯಾಂಟು ಮಡಿಸಿ ಮಗಳನ್ನು ಹೆಗಲ ಮೇಲೆ ಹೊತ್ತು ನೀರಿಗಿಳಿದ. ಹೊರಗಿನವರು ನೋಡಿದ್ದರೆ, ಎಷ್ಟು ಸುಖವಾದ ಸಂಸಾರ ಎನ್ನುತ್ತಿದ್ದರು. ಸುಖವಾಗಿಯೇ ಇತ್ತು, ಸುಳ್ಳೇಕೆ. ಗಡಿಯಾರವೊಂದು ಇರದಿದ್ದರೆ ಸಾಕಿತ್ತು.

ಎಲ್ಲರೂ ನೀರಿನ ಹತ್ತಿರ ಇದ್ದಾಗ ಶಿವಲಕ್ಷ್ಮಿ ಫೋನು ತೆಗೆದು ಅವ್ವನಿಗೆ ಮನೆಯ ಫೋಟೋ ತೋರಿಸಿದಳು. ಇದು ಅಡಿಗೆಮನೆ. ಈ ಕಿಟಕಿಯಲ್ಲಿ ಹೊಳೆ ಕಾಣುತ್ತದೆ. ಇದು ದೇವರ ಗೂಡು.

"ಹೊಸ್ಲು ತೋರ್ಸು," ಎಂದಳು ಅವ್ವ.

ಹೊಸಿಲ ಫೋಟೋ ಯಾರು ತೆಗೆಯುತ್ತಾರೆ? ಹುಡುಕಿದಳು, ಸಿಗಲಿಲ್ಲ. ಕೊನೆಗೆ ದೀಪಾವಳಿಯ ಹಣತೆಗಳ ಫೋಟೋದಲ್ಲಿ ಒಂದು ಮೂಲೆಯಲ್ಲಿ ಸಿಕ್ಕಿತು. ಅವ್ವ ಅದನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮುಟ್ಟಿದ ಕೂಡಲೇ ಫೋಟೋ ಸರಿದು ಇನ್ನೊಂದು ಬಂತು.

ಶಿವಲಕ್ಷ್ಮಿಗೆ ತಡೆಯಲಾಗಲಿಲ್ಲ. "ನಮ್ಮನೆ ಬೇರೆಯೋರ ಮನೇನಾ ಅವ್ವ?"

ಪುಟ್ಟಲಕ್ಷ್ಮಮ್ಮ ಕಂಬಳಿಯ ಮೇಲಿನ ಮರಳು ಕೊಡವಿದಳು. "ಕೊಟ್ ಹೆಣ್ಣಲ್ವಾ ಮಗ. ನಮ್ಮವ್ವನೂ ನಮ್ಮನೇಗ್ ಹಿಂಗೇ ಬತ್ತಿರ್ಲಿಲ್ಲ. ನಂಗೂ ಹೊಟ್ಟೆ ಉರೀತಿತ್ತು. ಏನ್ ಮಾಡದು, ಮಗೀನ್ ಹರ್ಕೆ."

ಅಷ್ಟರಲ್ಲಿ ಚಿಕ್ಕರಾಜು ಒದ್ದೆ ಪ್ಯಾಂಟಿನಲ್ಲಿ ಬಂದು, ಕತ್ತಲಾಗುವ ಮೊದಲು ಘಾಟಿ ಹತ್ತಬೇಕೆಂದು ಅವಸರ ಮಾಡಿದ. ಅವ್ವ ಚೀಲದಿಂದ ಗಂಟೊಂದನ್ನು ತೆಗೆದಳು. ಅಕ್ಕಿ, ತೆಂಗಿನಕಾಯಿ, ಅಚ್ಚುಬೆಲ್ಲ, ರವಿಕೆ ಕಣ, ಅರಿಶಿನ ಕುಂಕುಮ. ಮಡಿಲಕ್ಕಿ. ತವರಿಗೆ ಬಂದ ಮಗಳು ಗಂಡನ ಮನೆಗೆ ಹೊರಟಾಗ ತುಂಬಿಸುವ ಮಡಿಲು.

"ಇದೇನವ್ವ, ನಾನ್ ತವರ್ಗೆ ಎಲ್ ಬಂದಿವ್ನಿ?"

"ನಾನ್ ಎಲ್ ಕುಂತೀನೋ ಅದೇ ನಿನ್ ತವ್ರು. ಸೆರುಗ್ ಹಿಡಿ."

ಪೂರ್ವಕ್ಕೆ ಮುಖ ಮಾಡಿಸಿ, ಕಂಬಳಿಯ ಮೇಲೆ ಕೂರಿಸಿ ಮಡಿಲು ತುಂಬಿದಳು. ಚೆಂಡಾಡುತ್ತಿದ್ದ ಹುಡುಗರು ಆಟ ನಿಲ್ಲಿಸಿ ನೋಡಿದರು. ನೋಡಲಿ. ಅವ್ವನ ಕೈ ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕುವಾಗ ಶಿವಲಕ್ಷ್ಮಿ ಒಂದು ಕಾಳೂ ಮರಳಿಗೆ ಬೀಳದಂತೆ ಸೆರಗು ಅಗಲಿಸಿ ಹಿಡಿದಳು.

"ದಾರೀಲಿ ಯಾರ್ ಮನೆಗೂ ಹೋಗ್ಬ್ಯಾಡ. ಮಡ್ಲಕ್ಕಿ ಹೊತ್ಕಂಡು ಇನ್ನೊಬ್ಬರ್ ಹೊಸ್ಲು ತುಳೀಬಾರ್ದು. ನೆಟ್ಗೆ ನಿನ್ ಮನೆ ಸೇರು."

ಟಿಟಿ ಹೊರಟಿತು. ಕಿಟಕಿಯಲ್ಲಿ ನಯನಳ ಕೈ ತಿರುವಿನ ತನಕ ಆಡುತ್ತಿತ್ತು.

ಸೊಂಟಕ್ಕೆ ಬಿಗಿದ ಮಡಿಲು, ಹೆಗಲ ಮೇಲೆ ಕಂಬಳಿ. ಬಸ್ಸಿನಲ್ಲಿ ಅವಳ ಅವತಾರ ನೋಡಿ ಕಂಡಕ್ಟರು ಸೀಟು ಬಿಡಿಸಿಕೊಟ್ಟ. ತುಂಬಿದ ಬಸುರಿ ಎಂದುಕೊಂಡನೋ ಏನೋ. ಅವಳು ಬೇಡವೆನ್ನದೆ ಕೂತಳು.

ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ನಿಖಾತ್ ಕಾದಿದ್ದವಳಂತೆ ಹೊರಗೆ ಬಂದಳು. "ಎಂತ ಅಕ್ಕ, ನಿಮ್ಮವರು ಬರಲಿಲ್ವಾ? ಬನ್ನಿ, ಕೂತ್ಕೊಳ್ಳಿ. ಚಾ ಇಟ್ಟಿದ್ದೇನೆ. ನಾಳೆಯಿಂದ ಶಾಲೆಗೆ ರಜೆ, ಈಗ ಊರಿನ ಬಸ್ಸಿಗೆ ಹೊರಟೆ. ಅದಕ್ಕಿಂತ ಮೊದಲು ಒಂದು ಚಾ ಒಟ್ಟಿಗೆ ಕುಡಿಯುವ."

ಬಾಗಿಲ ಸಂದಿಯಿಂದ ಮೇಜು ಕಾಣುತ್ತಿತ್ತು. ಎರಡು ಲೋಟ, ಒಂದು ತಟ್ಟೆಯಲ್ಲಿ ಬಿಸ್ಕತ್ತು.

"ಇವತ್ ಬೇರೆಯೋರ ಮನೆಗೆ ಬರಂಗಿಲ್ಲ ಕಣವ್ವ," ಎಂದಳು ಶಿವಲಕ್ಷ್ಮಿ.

ಹುಡುಗಿಯ ಮುಖ ಸಣ್ಣದಾಯಿತು. "ಪರವಾಗಿಲ್ಲ ಅಕ್ಕ," ಎಂದು ಒಳಗೆ ಹೋದಳು.

ಮೆಟ್ಟಿಲು ಹತ್ತುವಾಗ ಶಿವಲಕ್ಷ್ಮಿಗೆ ತನ್ನ ಬಾಯಿಂದ ಹೊರಟದ್ದು ಅಣ್ಣನ ಮಾತೇ ಎಂದು ಗೊತ್ತಾಯಿತು. ಅವನೂ ಹೀಗೆಯೇ ಅಂದಿದ್ದ, ಕೆಟ್ಟತನದಿಂದಲ್ಲ. ಕೇಳಿಸಿಕೊಂಡವಳಿಗೆ ಎಷ್ಟು ನೋವಾಗುತ್ತದೆಂದು ಮಧ್ಯಾಹ್ನವಷ್ಟೇ ಅರಿತವಳು ತಾನು. ಇಡೀ ಊರಿನಲ್ಲಿ ತನ್ನನ್ನು ಒಳಗೆ ಕರೆದ ಒಂದೇ ಒಂದು ಜೀವಕ್ಕೆ ಹಾಗಂದುಬಿಟ್ಟಳಲ್ಲ! ಅವಳಿಗೆ ನಾಚಿಕೆಯಾಯಿತು.

ದೇವರ ಮುಂದೆ ಮಡಿಲಕ್ಕಿ ಇಳಿಸಿ ಕೈಮುಗಿದಳು. ಸಾರು ಬಿಸಿ ಮಾಡಿದಳು, ತಟ್ಟೆಗಳ ಸಾಲಿನಲ್ಲಿ ಒಂದು ಡಬ್ಬ ಹುಡುಕಿ, ಬಾಡು ತುಂಡುಗಳನ್ನು ಆರಿಸಿ ಆರಿಸಿ ತುಂಬಿದಳು. ಹಬೀಬನ ಅಂಗಡಿಯದು, ಹುಡುಗಿಗೆ ತಿನ್ನಲು ಅಡ್ಡಿಯಿಲ್ಲ. ಈಗ ಮಡಿಲು ಬರಿದು, ಯಾರ ಮನೆಗಾದರೂ ಹೋಗಬಹುದು. ಬಸ್ಸಿನಲ್ಲಿ ತಿನ್ನಲಿ, ಊರಿಗೆ ಹೋಗಿ ತಿನ್ನಲಿ. ಚಾ ಆರಿದ್ದರೂ ಕುಡಿದು ಬರುತ್ತೇನೆ ಎಂದುಕೊಂಡು ದಡದಡ ಮೆಟ್ಟಿಲಿಳಿದಳು.

ಬಾಗಿಲಿಗೆ ಬೀಗ ಬಿದ್ದಿತ್ತು.

ರಸ್ತೆಯ ತನಕ ಹೋಗಿ ನೋಡಿದಳು. ಬಸ್‌ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ತಿರುಗಿ ಬಂದು, ಬಿಸಿ ಡಬ್ಬವನ್ನು ಸೆರಗಿನಲ್ಲಿ ಹಿಡಿದು ಆ ಬಾಗಿಲ ಮುಂದೆಯೇ ಕೂತಳು. ಆಗ ಅವ್ವನ ಫೋನು ಬಂತು. ಹಿಂದಿನಿಂದ ಗಾಡಿಯ ಸದ್ದು, ನಯನಳ ನಗು.

"ಮನೆ ಸೇರ್ದಾ ಮಗ?"

"ಸೇರ್ದೆ ಕಣವ್ವ."

"ದಾರೀಲಿ ಯಾರ್ ಮನೆಗೂ ಹೋಗ್ಲಿಲ್ಲ ತಾನೆ?"

"ಇಲ್ಲ. ಒಬ್ರು ಕರುದ್ರು. ನಾನೇ ಹೋಗ್ಲಿಲ್ಲ."

"ಒಳ್ಳೇದ್ ಮಾಡ್ದೆ."

ಶಿವಲಕ್ಷ್ಮಿ ಬೀಗದ ಮೇಲೆ ಕಣ್ಣಿಟ್ಟಳು. ಅಲ್ಲಿಯವರೆಗೆ ತಡೆದಿದ್ದ ಅಳು ಈಗ ಬಂತು. "ಅವ್ವಾ, ಇನ್ನೊಂದ್ ಸಲ ಬಂದ್ರೆ ಮೊದ್ಲು ನಮ್ಮನೇಗ್ ಬನ್ನಿ. ದೇವ್ರು ಕಾಯ್ತಾನೆ. ನಂಗ್ ಕಾಯಕ್ಕಾಗಕಿಲ್ಲ."

ಆ ಕಡೆ ಗಾಡಿಯ ಸದ್ದು ಮಾತ್ರ ಕೇಳುತ್ತಿತ್ತು. ಲೈನು ಹೋಯಿತೇ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಹೋಗಿರಲಿಲ್ಲ.

"ಉಣ್ಣೋಗವ್ವ," ಎಂದಳು ಪುಟ್ಟಲಕ್ಷ್ಮಮ್ಮ. ಅವಳ ದನಿಯೂ ಒಡೆದಿತ್ತು. "ಬಾಡು ಮಾಡಿದ್ದಂತಲ್ಲ. ಎದ್ದು ಒಸಿ ಉಣ್ಣೋಗು."