ಹಳ್ಳದ ಬೇಲಿಗೆ ಹೊಡೆದ ಔಷಧಿ

ವರ್ನನ್ ಹಾಸ್ಟೆಟ್ಲರ್ ಓಹಾಯೋದಲ್ಲಿ ನಲವತ್ತು ವರ್ಷ ಜೋಳ ಬೆಳೆದ ಆಸಾಮಿ. ಹೆಂಡತಿ ತೀರಿಕೊಂಡ ಮೇಲೆ ಸ್ವಂತ ಹೊಲ ಮಾರಿ, ದಿನಾ ಬೆಳಿಗ್ಗೆ ಮೂವತ್ತು ಮೈಲಿ ಪಿಕಪ್ ಓಡಿಸಿಕೊಂಡು ಮಗಳು ಮಾರ್ಲಾಳ ತೋಟಕ್ಕೆ ಬಂದು ಮೈಬಗ್ಗಿಸಿ ದುಡಿಯುತ್ತಿದ್ದ. ಕೇಳದೆ ಉಪಕಾರ ಮಾಡುವುದೊಂದು ಅವನ ಚಾಳಿ.

ಈ ಸಲದ ಉಪಕಾರ ಮಾರ್ಲಾಳಿಗೆ ಗೊತ್ತಾದದ್ದು ತಪಾಸಣೆಯ ದಿನ ಬೆಳಿಗ್ಗೆ, ಪಿಕಪ್ಪಿನ ಹಿಂಭಾಗದಲ್ಲಿ ಕಳೆನಾಶಕದ ಕ್ಯಾನ್ ಕಂಡಾಗ.

"ಅಪ್ಪ, ಇದನ್ನ ಎಲ್ಲಿ ಹೊಡೆದೆ?"

"ಹಳ್ಳದ ಬೇಲಿಗೆ. ನಿನ್ನೆ ನೀನು ಸಂತೆಗೆ ಹೋಗಿದ್ಯಲ್ಲ, ಆಗ. ಮುಳ್ಳುಗಿಡ ಎದೆಮಟ್ಟ ಬೆಳೆದಿತ್ತು ಕಣಮ್ಮ. ಆ ತಪಾಸಣೆಯಮ್ಮ ನೋಡಿದ್ರೆ ಮೂಗು ಮುರೀತಿದ್ಲು."

ಮಾರ್ಲಾ ಕ್ಯಾನ್ ಎತ್ತಿ ನೋಡಿದಳು. ಅರ್ಧ ಖಾಲಿಯಾಗಿತ್ತು. ಈ ಹನ್ನೆರಡು ಎಕರೆ ಅವಳದ್ದಲ್ಲ, ಸರ್ಕಾರದ ರಾಷ್ಟ್ರೀಯ ಉದ್ಯಾನದ್ದು, ತೋಟ ಮಾಡಲು ಗುತ್ತಿಗೆಗೆ ಕೊಟ್ಟದ್ದು. ಐದು ವರ್ಷದ ಪ್ರಾಯೋಗಿಕ ಗುತ್ತಿಗೆ ಈ ತಿಂಗಳು ಮುಗಿಯುತ್ತದೆ. ಇವತ್ತಿನ ತಪಾಸಣೆ ದಾಟಿದರೆ ಅರವತ್ತು ವರ್ಷದ್ದು ಕೈಗೆ ಬರುತ್ತದೆ. ಲಿಖಿತ ಒಪ್ಪಿಗೆಯಿಲ್ಲದೆ ವಿಷ ಹೊಡೆಯಬಾರದು, ಹಳ್ಳದ ದಂಡೆಯಲ್ಲಂತೂ ಯಾವ ಕಾರಣಕ್ಕೂ ಕೂಡದು ಎಂದು ಕರಾರಿನಲ್ಲಿತ್ತು. ತಪ್ಪಾದಾಗ ತಾವಾಗಿ ಹೇಳಿದವರಿಗೆ ತಿದ್ದಿಕೊಳ್ಳಲು ಅವಕಾಶ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಗುತ್ತಿಗೆ ರದ್ದು.

ಹೇಳಿಬಿಡಬೇಕಿತ್ತು. ಆದರೆ ವಿಷ ಬಿದ್ದ ಗಿಡ ಬಾಡಲು ಒಂದು ವಾರ ಹಿಡಿಯುತ್ತದೆ. ಈಗ ನೋಡಿದರೆ ಎಲೆಯೆಲ್ಲ ಹಸಿರು. ಹೆದರಿದ ಮನಸ್ಸಿಗೆ ಅಷ್ಟು ನೆಪ ಧಾರಾಳವಾಯಿತು. ಕ್ಯಾನಿನ ಮೇಲೆ ಗೋಣಿ ಎಳೆದು, "ಬಾಯಿ ಬಿಡಬೇಡ" ಎಂದಳು.

ಉದ್ಯಾನದ ತಪಾಸಣಾಧಿಕಾರಿ ಡೆನೀಸ್ ಕಪೂಟೊ ಒಂಬತ್ತಕ್ಕೆ ಬಂದಳು. ಗೊಬ್ಬರದ ರಾಶಿ ಹಳ್ಳದಿಂದ ಎಷ್ಟು ದೂರವೆಂದು ಅಳೆದಳು, ಕೋಳಿಗೂಡು ಇಣುಕಿದಳು, ಮಣ್ಣು ಕೊಚ್ಚಿಹೋಗದಂತೆ ಬಿತ್ತಿದ್ದ ಹುಲ್ಲನ್ನು ಕಾಲಲ್ಲಿ ಒತ್ತಿ ನೋಡಿದಳು. ಎಲ್ಲಕ್ಕೂ ಸರಿ ಗುರುತು ಬಿತ್ತು.

"ನಿನ್ನ ತೋಟಕ್ಕೆ ಬಂದ್ರೆ ನನಗೆ ಕೆಲಸಾನೇ ಇರಲ್ಲ ಮಾರ್ಲಾ."

ಮಾರ್ಲಾ ನಕ್ಕಳು. ಆ ನಗು ಅವಳಿಗೇ ಅಸಹ್ಯವೆನಿಸಿತು. ಹಿಂದೆ ಅಪ್ಪ ಟೋಪಿ ಕೈಯಲ್ಲಿ ಹಿಡಿದು ಬರುತ್ತಿದ್ದ.

ಕೊನೆಗೆ ಉಳಿದದ್ದು ಹಳ್ಳದ ಬೇಲಿ. ಅದರುದ್ದಕ್ಕೂ ಅಪ್ಪ ಹೇಳಿದ ಮುಳ್ಳುಗಿಡದಲ್ಲಿ ಕಾಡು ರಾಸ್ಪ್‌ಬೆರಿ ಕಪ್ಪಗೆ ಹಣ್ಣಾಗಿ ತೂಗುತ್ತಿತ್ತು.

"ಜೂನ್ ಕೊನೆಗೇ ನಾನು ತಪಾಸಣೆ ಇಟ್ಕೊಳ್ಳೋದು ಯಾಕೆ ಗೊತ್ತಾ? ಆಫೀಸಲ್ಲಿ ಹೇಳಬೇಡ ಮತ್ತೆ" ಎನ್ನುತ್ತ ಡೆನೀಸ್ ಕೈಚಾಚಿದಳು.

"ಅದಿನ್ನೂ ಹುಳಿ" ಎಂದಳು ಮಾರ್ಲಾ.

"ಇಷ್ಟು ಕಪ್ಪಗಿದೆ, ಹುಳಿಯಂತೆ. ಒಬ್ಬಳೇ ತಿನ್ನೋ ಯೋಚನೆ ನಿಂದು."

ನಾಲ್ಕು ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳಬೇಕು, ಅಷ್ಟರಲ್ಲಿ ಮಾರ್ಲಾ ಅವಳ ಕೈಗೆ ಹೊಡೆದಳು. ಹಣ್ಣು ಹುಲ್ಲಿನಲ್ಲಿ ಚೆಲ್ಲಿತು.

"ತಿನ್ನಬೇಡಿ. ಅದಕ್ಕೆ ವಿಷ ಬಿದ್ದಿದೆ. ನಿನ್ನೆ."

ಡೆನೀಸ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. "ನಿನಗೆ ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ."

"ಗೇಟಲ್ಲೇ ಹೇಳಬಹುದಿತ್ತು."

"ಹೆದರಿಬಿಟ್ಟೆ."

"ಹೊಡೆದವನು ನಾನು. ಹೊಡೆಯೋವಾಗ ಅವಳಿಗೆ ಇದರ ಸುದ್ದೀನೇ ಇರ್ಲಿಲ್ಲ" ಎಂದ ವರ್ನನ್.

ಡೆನೀಸ್ ತಪಾಸಣೆಯ ಫಾರಂನಲ್ಲಿ ಬಹಳ ಹೊತ್ತು ಬರೆದಳು.

"ನಾನು ಕಂಡುಹಿಡಿಯೋಕೆ ಮೊದಲೇ ನೀನಾಗಿ ಹೇಳಿದೀಯ, ಹಾಗಾಗಿ ಗುತ್ತಿಗೆ ಉಳಿಯುತ್ತೆ. ಬೇಲಿ ಪಕ್ಕದ ಪಟ್ಟೀಲಿ ಮೂರು ವರ್ಷ ಏನೂ ಬೆಳೆಯೋ ಹಾಗಿಲ್ಲ. ಇನ್ಮೇಲೆ ಬಂದಾಗೆಲ್ಲ ಮಣ್ಣು ಪರೀಕ್ಷೆ ಮಾಡ್ತೀನಿ. ಬರೀ ನಿನ್ನ ಮಾತು ನಂಬಿ ಹೋಗಲ್ಲ." ಅವಳು ಫಾರಂ ಮುಂದೆ ಹಿಡಿದಳು. "ಇನ್ನೊಮ್ಮೆ ಹೀಗಾಗದ ಹಾಗೆ ಏನು ಮಾಡ್ತೀಯ, ಇಲ್ಲಿ ಬರಿ. ಅಪ್ಪನಿಗೆ ಬುದ್ಧಿ ಹೇಳ್ತೀನಿ ಅಂತ ಬರೆದ್ರೆ ಮೇಲಿನವರು ಒಪ್ಪಲ್ಲ."

ಮಾರ್ಲಾ ಫಾರಂ ತೆಗೆದುಕೊಂಡು ಅಪ್ಪನತ್ತ ನೋಡಿದಳು.

"ಬರಿಯಮ್ಮ" ಎಂದ ವರ್ನನ್. "ವರ್ನನ್ ಇನ್ನು ಈ ತೋಟಕ್ಕೆ ಕಾಲಿಡಲ್ಲ ಅಂತ ಬರಿ. ಅದನ್ನ ಒಪ್ತಾರೆ."

ಈ ತೋಟ ಬಿಟ್ಟರೆ ಅಪ್ಪನಿಗೆ ಬೆಳಗಾದರೆ ಹೋಗಲು ಬೇರೆ ಜಾಗವಿಲ್ಲ. ಅದು ಗೊತ್ತಿದ್ದೂ ಮಾರ್ಲಾ ಬರೆದಳು, ಕೆಳಗೆ ಸಹಿಯನ್ನೂ ಹಾಕಿದಳು.

ವರ್ನನ್ ಮಗಳ ಮುಖ ನೋಡದೆ ಡೆನೀಸಳನ್ನು ಕೇಳಿದ: "ಟೊಮೆಟೊ ಸಾಲಿಗೆ ಕೋಲು ಕಟ್ಟೋದು ಅರ್ಧಕ್ಕೇ ನಿಂತಿದೆ. ಅದೊಂದು ಮುಗಿಸಿ ಹೋಗ್ಲಾ ಅಮ್ಮಾ?"

"ನಿಮ್ಮ ಮಗಳನ್ನ ಕೇಳಿ" ಎಂದಳು ಡೆನೀಸ್.

"ಮುಗಿಸು ಅಪ್ಪ" ಎಂದಳು ಮಾರ್ಲಾ. "ನಿಧಾನಕ್ಕೆ ಮುಗಿಸು."