ಹಲ್ಲು ಮಾತ್ರ ಬಂದ ಫೋಟೋ

ಪ್ರಾರ್ಥನಾ ಮಂದಿರದ ಬಾಗಿಲ ಬಳಿ, ‘ಎಲ್ಲರಿಗೂ ಸ್ವಾಗತ’ ಎಂಬ ಹಲಗೆಯ ಕೆಳಗೆ, ಹೋದ ವರ್ಷದ ಫೋಟೋ ತೂಗುಹಾಕಿದ್ದರು. ಬೇರೆ ದೇಶಗಳಿಂದ ಬಂದ ಕುಟುಂಬಗಳ ಮಕ್ಕಳನ್ನು ಶನಿವಾರಕ್ಕೊಮ್ಮೆ ಕರೆದು ಹಾಡು, ಪ್ರಾರ್ಥನೆ ನಡೆಸುವ ಕೂಟದ ಫೋಟೋ ಅದು. ಮುಂದಿನ ಸಾಲಿನವರ ರೆಪ್ಪೆಗೂದಲನ್ನೂ ಎಣಿಸಬಹುದಿತ್ತು. ಹಿಂದಿನ ಸಾಲಿನ ಮೂಲೆಯಲ್ಲಿ, ಕತ್ತಲಲ್ಲಿ ತೇಲುವ ಒಂದಿಷ್ಟು ಹಲ್ಲು. ಅದು ನನ್ನ ತಂಗಿ.

ಅಜ್ಜಿ ಅವಳನ್ನು ನೇರಳೆ ಎನ್ನುತ್ತಿದ್ದಳು. ಶಾಲೆಯಲ್ಲಿ ತುಟಿ ಬಿಚ್ಚದ ಹುಡುಗಿ ಈ ಕೂಟದಲ್ಲಿ ಮಾತ್ರ ಗಂಟಲೆತ್ತಿ ಹಾಡುತ್ತಿದ್ದಳು. ಫೋಟೋ ನೋಡಿದ ಜೊತೆಯವರು ‘ಹಲ್ಲುಪುಡಿ ಜಾಹೀರಾತು’ ಎಂದು ನಕ್ಕಿದ್ದರು. ಈ ವರ್ಷ ಫೋಟೋ ತೆಗೆಯುವ ದಿನ ಅವಳು ಬಾಚಣಿಗೆ ಹಿಡಿದು ಕುಳಿತಲ್ಲೇ ಕುಳಿತಿದ್ದಳು.

“ಈ ಸಲಾನೂ ಹಾಗೇ ಬಂದ್ರೆ ಇನ್ನು ಆ ಕಡೆ ಕಾಲಿಡಲ್ಲ ಅಕ್ಕ. ಹಾಡೂ ಬೇಡ, ದೇವರೂ ಬೇಡ.”

ಅಮ್ಮ ಇಸ್ತ್ರಿ ಮಾಡುತ್ತಲೇ, “ಪೌಡರ್ ಸ್ವಲ್ಪ ಜಾಸ್ತಿ ಹಚ್ಕೊಂಡು ಹೋಗ್ಲಿ ಬಿಡು. ಊರಿಗೆಲ್ಲ ಬುದ್ಧಿ ಹೇಳಕ್ಕಾಗತ್ತಾ?” ಎಂದಳು.

ನನಗೆ ಅಜ್ಜಿಯ ಕಥೆ ನೆನಪಾಯಿತು. ಅರಮನೆಯ ಕನ್ನಡಿಯಲ್ಲಿ ಮಡಕೆ ಮಾರುವ ಹುಡುಗಿಯ ಮುಖ ಮಾತ್ರ ಕಾಣುತ್ತಿರಲಿಲ್ಲವಂತೆ. ಮಂತ್ರಿಗಳೆಲ್ಲ ‘ಮುಖ ತೊಳ್ಕೊಂಡು ಬಾರೇ’ ಎಂದರೆ, ಅವಳು ಸೆರಗಿನ ತುದಿಗೆ ಉಗುಳು ಹಚ್ಚಿ ಕನ್ನಡಿಯನ್ನೇ ಉಜ್ಜತೊಡಗಿದಳಂತೆ. ‘ಆಮೇಲೇನಾಯ್ತಜ್ಜಿ?’ ಎಂದರೆ, ‘ಇನ್ನೂ ಉಜ್ತಾನೇ ಇದಾಳೆ, ಮಲಗು’ ಎನ್ನುತ್ತಿದ್ದಳು.

ಪೌಡರ್ ಡಬ್ಬಿಯನ್ನು ಕಪಾಟಿಗೆ ಸೇರಿಸಿ, ತಂಗಿಯ ಕೈ ಹಿಡಿದು ಹೊರಟೆ.

ಕೂಟ ನಡೆಸುವ ಟೀಚರ್ ಒಳ್ಳೆಯವರೇ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನಮಗೆ ಹಿಂದಿನ ಮೂಲೆ ತೋರಿಸಿದರು. ಫೋಟೋಗ್ರಾಫರ್ ಕ್ಯಾಮೆರಾವನ್ನು ಟೀಚರ್ ಅವರ ಬಿಳಿ ಮುಖಕ್ಕೆ ಗುರಿಯಿಟ್ಟು ಬೆಳಕು ಅಳೆದ. ಗುರುತಿನ ಚೀಟಿಯ ಫೋಟೋ ತೆಗೆಯುವ ಅಂಗಡಿಯಲ್ಲಿ ದಿನವೂ ನಾನು ಮಾಡುವ ಕೆಲಸವೇ ಅದು. ಯಾರ ಮುಖದ ಮೇಲೆ ಅಳೆಯುತ್ತೇವೋ ಅವರ ಮುಖವೇ ಸರಿಯಾಗಿ ಬರುತ್ತದೆ.

“ಅಣ್ಣಾ, ಇವಳ ಮುಖದ ಮೇಲೆ ಅಳೀರಿ.”

“ಹಾಗೆ ಮಾಡಿದ್ರೆ ಮಿಕ್ಕವರೆಲ್ಲ ಸುಣ್ಣದ ಗೋಡೆ ಆಗ್ತಾರಮ್ಮ.”

“ಹೋದ ವರ್ಷ ನಾವು ಮಸಿ ಆಗಿದ್ವಲ್ಲ. ಈ ವರ್ಷ ಅವರ ಸರದಿ.”

ಯಾರೋ ಕಿಸಕ್ಕನೆ ನಕ್ಕರು. ಟೀಚರ್ ಬಂದು ನನ್ನ ಹೆಗಲು ಮುಟ್ಟಿದರು. “ದೇವರ ಕಣ್ಣಿಗೆ ಬಣ್ಣ ಕಾಣಲ್ಲಮ್ಮ. ಅಷ್ಟು ಸಾಲದಾ?”

“ಕಾಣತ್ತೆ ಟೀಚರ್. ನೋಡಿ ನೋಡಿ ಹಚ್ಚಿದ ಬಣ್ಣ ಇದು. ಅವನೇನು ಕಣ್ಮುಚ್ಕೊಂಡು ಮಾಡಿದ್ನಾ?”

“ಬಿಡೇ ಅಕ್ಕ, ಹೋಗೋಣ,” ತಂಗಿ ಕೈ ಜಗ್ಗಿದಳು.

“ಹೋಗ್ತೀವಿ. ಹೋಗೋ ಮುಂಚೆ ಆ ಹಲಗೆ ಇಳಿಸಿಬಿಡಿ ಟೀಚರ್. ಮುಖ ಬರದ ಫೋಟೋ ಮೇಲೆ ಸ್ವಾಗತ ಯಾರಿಗೆ?”

ಹಿಂದಿನ ಸಾಲಿನಿಂದ ಇನ್ನೂ ಮೂವರು ಇಳಿದು ಬಂದು ನಮ್ಮ ಪಕ್ಕ ನಿಂತರು. ಟೀಚರ್ ಬಾಗಿಲ ಬಳಿ ಹೋಗಿ ಹಳೆಯ ಫೋಟೋ ನೋಡಿದರು. ಧೂಳೆಂದುಕೊಂಡರೋ ಏನೋ, ತೋಳಿನಿಂದ ಗಾಜಿನ ಮೂಲೆ ಒರೆಸಿದರು. ಮತ್ತೆ ಒರೆಸಿದರು. ಮುಖ ಬರಲಿಲ್ಲ.

“ಮುಂದೆ ಬನ್ನಿ,” ಎಂದರು, ಸಣ್ಣ ದನಿಯಲ್ಲಿ.

“ಕಾರಲ್ಲಿ ಇನ್ನೊಂದು ಲೈಟ್ ಇದೆ. ಆ ಕಡೆಯಿಂದ ಹಾಕಿದ್ರೆ ಎಲ್ರೂ ಬರ್ತಾರೆ,” ಎಂದು ಫೋಟೋಗ್ರಾಫರ್ ಗೊಣಗಿದ.

“ಹೋದ ವರ್ಷಾನೂ ಇತ್ತಾ?” ಎಂದೆ.

ಅವನು ಕಾರಿನತ್ತ ಹೋಗಿ ಲೈಟ್ ತಂದ. ಮುಂದಿನ ಸಾಲಿನ ನಡುವೆ ನಿಂತ ತಂಗಿಯ ಮುಖಕ್ಕೆ ಕ್ಯಾಮೆರಾ ಹಿಡಿದು ಅಳೆದ.

“ನಗು ಪುಟ್ಟಿ, ಹಲ್ಲು ಕಾಣ್ಲಿ.”

ನೇರಳೆ ಗದ್ದ ಎತ್ತಿದಳು.

“ಹಲ್ಲು ಹೋದ ವರ್ಷಾನೇ ಬಂದಿದೆ. ಈ ಸಲ ಮುಖ ತೆಗೀರಿ,” ಎಂದು ತುಟಿ ಬಿಗಿದು ನಿಂತಳು.